ಅಪ್ಪನ ಉಗುರು

ಯಶವಂತಪುರದಲ್ಲಿದ್ದಾಗ ನಮ್ಮ ರುಬ್ಬುವ ಕಲ್ಲು ಸವೆದು ನುಣ್ಣಗಾದಾಗಲೆಲ್ಲ ಅಮ್ಮ ಕಲ್ಲಿನವನನ್ನು ಕರೆದು, ಉಳಿಯಿಂದ ಹೊಡೆಸಿ ಮತ್ತೆ ಒರಟು ಮಾಡಿಸುತ್ತಿದ್ದಳು. ಅಪ್ಪನ ಕೆಲಸ ಇದಕ್ಕೆ ತದ್ವಿರುದ್ಧ. ಸಣ್ಣ ವರ್ಕ್‌ಶಾಪೊಂದರಲ್ಲಿ ಉಕ್ಕಿನ ಶಾಫ್ಟುಗಳಿಗೆ ಸಾಣೆ ಹಿಡಿದು ನುಣುಪು ಮಾಡುವುದು. ಆಮೇಲೆ ಮಾದರಿ ತುಂಡಿನ ಪಕ್ಕ ಇಟ್ಟು, ಹೆಬ್ಬೆರಳಿನ ಉಗುರಿನಿಂದ ಗೀರಿ ನೋಡುವುದು. ಆ ಒಂದು ಉಗುರನ್ನು ಅವರು ಎಂದೂ ಪೂರ್ತಿ ಕತ್ತರಿಸಿದವರಲ್ಲ. ಅಜ್ಜಿಗೋ ಅದು ಅನಿಷ್ಟ!

ನಮ್ಮ ಕಡೆ ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ ಬಂದಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಅದರ ಗಡಿಯಾರ ಕಾರ್ಖಾನೆ. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಸಿಎಂಟಿಐ. ಹಾಗಾಗಿ ‘ಮೈಕ್ರಾನ್’ ಎಂಬ ಮಾತು ನಮ್ಮ ಬೀದಿಯಲ್ಲಿ ಬೇಳೆ ಬೆಲ್ಲದಷ್ಟೇ ಸಲೀಸು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಅದು. ತಲೆಗೂದಲೇ ಹತ್ತಾರು ಮೈಕ್ರಾನ್ ದಪ್ಪ!

ಒರಟುತನ ಅಳೆಯುವ ಯಂತ್ರಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನಲ್ಲಿ 1941ರಲ್ಲಿ ಬಂದ ಟ್ಯಾಲಿಸರ್ಫ್. ವಜ್ರದ ಮೊನೆ ಲೋಹದ ಮೇಲೆ ಹರಿಯುತ್ತದೆ. ಏರಿಳಿತಗಳ ಸರಾಸರಿ ಒಂದು ಅಂಕಿಯಾಗಿ ಸಿಗುತ್ತದೆ. ಅಪ್ಪನ ವರ್ಕ್‌ಶಾಪಿಗೂ ಅಂಥದೊಂದು ಪುಟ್ಟ ಯಂತ್ರ ಬಂತು. ಒಮ್ಮೆ ಅಪ್ಪ ಒಂದು ಶಾಫ್ಟನ್ನು ಪಕ್ಕಕ್ಕಿಟ್ಟು “ಇದು ಬೇಡ” ಎಂದರಂತೆ. ಯಂತ್ರ ಅದಕ್ಕೂ ಉಳಿದವಕ್ಕೂ 0.4 ಮೈಕ್ರಾನ್ ಎಂದೇ ತೋರಿಸಿತು. ಮಾಲೀಕರು ನಕ್ಕು ಕಳಿಸಿಕೊಟ್ಟರು. ಎಣ್ಣೆ ಸೋರುತ್ತದೆಂದು ಅದು ವಾಪಸು ಬಂದಾಗ ನಷ್ಟವನ್ನು ಅಪ್ಪನ ಸಂಬಳದಲ್ಲಿ ಮುರಿದುಕೊಂಡರು. ಆ ದೀಪಾವಳಿಗೆ ನಮಗೆ ಹೊಸ ಬಟ್ಟೆಯಿಲ್ಲ.

ಎಷ್ಟೋ ವರ್ಷದ ಮೇಲೆ, ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಮಗಳು ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞನ ಕಥೆ ಹೇಳಿದಳು. ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಎಂದು ಆತ 1967ರಲ್ಲಿ ಕೇಳಿದ. ಅಳತೆಗೋಲು ಚಿಕ್ಕದಾದಷ್ಟೂ ಉದ್ದ ಬೆಳೆಯುತ್ತದೆ, ಏಕೆಂದರೆ ಕೊಲ್ಲಿಯೊಳಗೆ ಕೊಲ್ಲಿ. ಹೂಕೋಸು ಮುರಿದು ನೋಡಿ, ತುಂಡೂ ಪುಟ್ಟ ಹೂಕೋಸೇ. ಇದಕ್ಕೆ ಆತನಿಟ್ಟ ಹೆಸರು ಫ್ರ್ಯಾಕ್ಟಲ್. 1984ರಲ್ಲಿ ಸಂಗಡಿಗರೊಡನೆ ಮುರಿದ ಉಕ್ಕಿನ ಮೈಗೂ ಇದೇ ಲೆಕ್ಕ ಹಾಕಿದ. ಮೊನೆ ಬರೆದ ಗೆರೆಗೆ 1 ಮತ್ತು 2ರ ನಡುವೆ ಒಂದು ಅಂಕಿ ಸಿಗುತ್ತದೆ. 2ರ ಹತ್ತಿರ ಹೋದಷ್ಟೂ ಉಬ್ಬಿನೊಳಗೆ ಇನ್ನೂ ಸಣ್ಣ ಉಬ್ಬುಗಳು ಹೆಚ್ಚು. ಲೇತಿನ ಒಂದೇ ಸಮನಾದ ಗೀರುಗಳಿಗೆ ಇದು ಅಷ್ಟಾಗಿ ಹೊಂದದು, ಸಾಣೆ ಹಿಡಿದ ಮೈಗೆ ಮೇಲು.

“ಅಂದರೆ ಸರಾಸರಿ ಒಂದೇ ಇದ್ದು ಈ ಅಂಕಿ ಬೇರೆಯಾಗಬಹುದೇ?” ಎಂದೆ.

“ಆಗಬಹುದಮ್ಮ.”

ಅಂದೇ ಅಪ್ಪನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಕಾಫಿ ಲೋಟದ ಮೈಮೇಲೆ ಆ ಉಗುರನ್ನು ಮೆಲ್ಲಗೆ ಎಳೆದು, “ನಿನಗೊಂದು ಹಬ್ಬದ ಬಟ್ಟೆ ಬಾಕಿ ಇದೆಯಲ್ಲ” ಎಂದರು.