ಹಿತ್ತಲ ನಿಂಬೆಯೂ ಹಡಗಿನ ನಿಂಬೆಯೂ

ನಮ್ಮ ಮನೆಯ ಹಿತ್ತಲಿನಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಒಂದು ನಿಂಬೆಯ ಮರವಿದೆ. ಬೀಜದಿಂದ ಎದ್ದ ಮರ. ಸೇವೆಯಲ್ಲಿದ್ದ ದಿನಗಳಲ್ಲಿ ಮಕ್ಕಳಿಗೆ ಸಮುದ್ರಯಾನಗಳ ಪಾಠ ಮಾಡುವಾಗ ನಾನು ಆ ಮರದಿಂದ ಒಂದು ಹಣ್ಣನ್ನು ಕಿತ್ತು ತರಗತಿಗೆ ಒಯ್ಯುತ್ತಿದ್ದೆ. ಮೇಜಿನ ಮೇಲೆ ಅದನ್ನಿಟ್ಟು, ‘ವಾಸ್ಕೋ ಡ ಗಾಮನ ನಾವಿಕರ ಪ್ರಾಣ ಉಳಿಸಬಹುದಾಗಿದ್ದ ಔಷಧ ಇದು’ ಎಂದು ಹೇಳಿ ಪಾಠ ಆರಂಭಿಸುವುದು ನನ್ನ ರೂಢಿ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಸರ್, ಆಮೇಲೆ ಬ್ರಿಟಿಷರು ಹಡಗಿನಲ್ಲಿ ಕೊಡುತ್ತಿದ್ದದ್ದು ಇದೇ ನಿಂಬೆಹಣ್ಣಾ?” ಎಂದು ಕೇಳಿದಳು. “ಇದೇ ಕಣಮ್ಮ, ಕೂತ್ಕೊ” ಎಂದೆ. ನಿವೃತ್ತನಾದ ಮೇಲೆ ಬಿಡುವಾಗಿ ಓದತೊಡಗಿದಾಗ ತಿಳಿಯಿತು, ನಾನು ಹಾಗೆ ಸಲೀಸಾಗಿ ಕೊಟ್ಟ ಉತ್ತರದಲ್ಲಿದ್ದ ತಪ್ಪನ್ನೇ ಬ್ರಿಟನ್ನಿನ ನೌಕಾಪಡೆಯೂ ಮಾಡಿತ್ತು. ಅದರ ಬೆಲೆಯನ್ನು ಮನುಷ್ಯರು ತೆತ್ತಿದ್ದರು.

ಗಾಮನ ಕಥೆ ನಮ್ಮ ಕರಾವಳಿಗೂ ಸೇರಿದ್ದು. ಕಲ್ಲಿಕೋಟೆಯಿಂದ ಹಿಂದಿರುಗುವಾಗ ಆತನ ಹಡಗುಗಳು ಕಾರವಾರದ ಬಳಿಯ ಅಂಜದೀಪ ದ್ವೀಪದಲ್ಲಿ ಕೆಲವು ದಿನ ತಂಗಿ, 1498ರ ಅಕ್ಟೋಬರ್ ಆರಂಭದಲ್ಲಿ ಹೊರಟವು. ಗಾಳಿ ಪ್ರತಿಕೂಲವಾಗಿ ಅರಬ್ಬೀ ಸಮುದ್ರವನ್ನು ದಾಟಲು ಮೂರು ತಿಂಗಳು ಹಿಡಿಯಿತು. ಒಸಡುಗಳು ಊದಿ ಹಲ್ಲುಗಳನ್ನೇ ಮುಚ್ಚಿದವು, ಕಾಲುಗಳು ಬಾತವು. ಆ ದಾರಿಯಲ್ಲಿ ಸುಮಾರು ಮೂವತ್ತು ಜನ ಸತ್ತರು. ಆಫ್ರಿಕದ ಮಲಿಂದಿಯನ್ನು ಮುಟ್ಟಿದೊಡನೆ ರೋಗಿಗಳು ಹಂಬಲಿಸಿದ್ದು ಕಿತ್ತಳೆಹಣ್ಣಿಗಾಗಿ. ಹಣ್ಣು ಬಂದಿತು, ಆದರೆ ಹಲವರಿಗೆ ತಡವಾಗಿತ್ತು. ದಿನಚರಿ ಬರೆದ ನಾವಿಕ ಆ ಸಾವುಗಳಿಗೆ ಹವೆಯೇ ಕಾರಣವೆಂದು ತಿಳಿದಿದ್ದ.

ಈ ರೋಗಕ್ಕೆ ಸ್ಕರ್ವಿ ಎಂದು ಹೆಸರು. 1747ರ ಮೇ ತಿಂಗಳಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ‘ಸಾಲ್ಸ್‌ಬರಿ’ ಎಂಬ ಯುದ್ಧನೌಕೆಯ ಮೇಲೆ ಹನ್ನೆರಡು ರೋಗಿಗಳನ್ನು ಆರಿಸಿ, ಎಲ್ಲರಿಗೂ ಒಂದೇ ಬಗೆಯ ಊಟ ಕೊಟ್ಟು, ಇಬ್ಬಿಬ್ಬರಿಗೆ ಒಂದೊಂದು ಔಷಧ ಪ್ರಯೋಗಿಸಿದ. ಸೇಬಿನ ಮದ್ಯ, ತಿಳಿಗೊಳಿಸಿದ ಗಂಧಕಾಮ್ಲ, ವಿನೆಗರ್, ಸಮುದ್ರದ ನೀರು, ಬೆಳ್ಳುಳ್ಳಿ ಸಾಸಿವೆಗಳ ಲೇಹ್ಯ. ಕೊನೆಯ ಇಬ್ಬರಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ಲೆಮನ್. ಆರು ದಿನಗಳಲ್ಲಿ ಹಣ್ಣು ಮುಗಿದುಹೋಯಿತು. ಅಷ್ಟರಲ್ಲೇ ಆ ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ಸಿದ್ಧನಾಗಿದ್ದ. ಇಷ್ಟು ಕಂಡ ಲಿಂಡನೇ ಮುಂದೆ, ರಸವನ್ನು ಕಾಯಿಸಿ ಇಂಗಿಸಿ ಸೀಸೆಯಲ್ಲಿ ತುಂಬಿಡಿ ಎಂದು ಸಲಹೆ ಕೊಟ್ಟ. ಕಾಯಿಸಿದರೆ ಗುಣ ಹೋಗುತ್ತದೆಂಬುದು ಆತನಿಗೆ ಗೊತ್ತಾಗುವ ಮಾರ್ಗವಿರಲಿಲ್ಲ. ನೌಕಾಪಡೆ ಎಲ್ಲ ನಾವಿಕರಿಗೆ ಲೆಮನ್ ರಸ ಕೊಡಲು ಒಪ್ಪಿದ್ದು 1795ರಲ್ಲಿ, ಲಿಂಡ್ ತೀರಿಕೊಂಡ ಮರುವರ್ಷ. ಆ ಬಳಿಕ ಸ್ಕರ್ವಿ ಬಹುಮಟ್ಟಿಗೆ ಮಾಯವಾಯಿತು.

ಇಲ್ಲಿಯವರೆಗಿನ ಕಥೆ ಎಲ್ಲ ಪುಸ್ತಕಗಳಲ್ಲಿಯೂ ಇದೆ. ನಾನು ಹೇಳುತ್ತಿದ್ದುದೂ ಇಷ್ಟೇ. ಇದರ ಮುಂದಿನದನ್ನು ನಾನು ಓದಿರಲಿಲ್ಲ.

ನಮ್ಮ ಕನ್ನಡದಲ್ಲಿ ಲೆಮನ್ ಎಂದರೂ ನಿಂಬೆ, ಲೈಮ್ ಎಂದರೂ ನಿಂಬೆ. ನಿಘಂಟು ತೆರೆದರೂ ಅಷ್ಟೆ. ಲೆಮನ್ ಎಂಬುದು ಮೆಡಿಟರೇನಿಯನ್ ತೀರದ, ದಪ್ಪ ಸಿಪ್ಪೆಯ, ಮೊಲೆತೊಟ್ಟಿನಂತಹ ತುದಿಯುಳ್ಳ ದೊಡ್ಡ ಹಣ್ಣು. ನಮ್ಮ ಹಿತ್ತಲಿನ ಗುಂಡನೆಯ ತೆಳುಸಿಪ್ಪೆಯ ಕಾಗದಿ ನಿಂಬೆ ಲೈಮ್. ಇತ್ತೀಚಿನ ತಳಿಶಾಸ್ತ್ರದ ಸಂಶೋಧನೆಗಳ ಪ್ರಕಾರ ಇವೆರಡಕ್ಕೂ ತಂದೆ ಒಂದೇ, ನಮ್ಮ ಮಾದಳ. ತಾಯಂದಿರು ಬೇರೆ: ಲೆಮನ್ನಿನ ತಾಯಿ ಹುಳಿ ಕಿತ್ತಳೆ, ನಮ್ಮ ನಿಂಬೆಯ ತಾಯಿ ಫಿಲಿಪ್ಪೀನ್ಸ್ ಕಡೆಯ ಒಂದು ಕಾಡು ಜಾತಿ. ಮಲಸೋದರರೆನ್ನಬಹುದು.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರೂ ಈ ಎರಡು ಹೆಸರುಗಳನ್ನು ಬೇಕಾಬಿಟ್ಟಿ ಬಳಸುತ್ತಿದ್ದರು. ಸಿಸಿಲಿ, ಮಾಲ್ಟಾಗಳ ಲೆಮನ್ನಿಗೆ ಬದಲು ತಮ್ಮದೇ ವಸಾಹತುಗಳಾದ ವೆಸ್ಟ್ ಇಂಡೀಸ್ ದ್ವೀಪಗಳ ಲೈಮ್ ರಸವನ್ನು 1860ರ ದಶಕದಲ್ಲಿ ನೌಕಾಪಡೆ ತರಿಸತೊಡಗಿತು. ಸ್ಕರ್ವಿಯನ್ನು ಗುಣಪಡಿಸುವುದು ಹುಳಿ ಎಂದೇ ಎಲ್ಲರ ನಂಬಿಕೆ. ಲೈಮ್ ಇನ್ನೂ ಹುಳಿ, ಆದ್ದರಿಂದ ಇನ್ನೂ ಒಳ್ಳೆಯದು! ಹುಳಿಯೇ ಔಷಧವಾಗಿದ್ದರೆ ಲಿಂಡನ ವಿನೆಗರ್ ಕುಡಿದವರೂ ಗುಣವಾಗಬೇಕಿತ್ತಲ್ಲವೆ? ಅದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. 1867ರಲ್ಲಿ ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲಿಯೂ ಈ ರಸ ಕಡ್ಡಾಯವಾಯಿತು. ಅವರ ನಾವಿಕರಿಗೆ ‘ಲೈಮಿ’ ಎಂಬ ಅಡ್ಡಹೆಸರು ಅಂಟಿದ್ದು ಇದರಿಂದಲೇ.

ಉಗಿಹಡಗುಗಳು ಬಂದು ಪ್ರಯಾಣದ ಅವಧಿ ಕಡಿಮೆಯಾಗಿದ್ದುದರಿಂದ ಈ ತಪ್ಪು ಬಹುಕಾಲ ಕಣ್ಣಿಗೆ ಬೀಳಲಿಲ್ಲ. ಉತ್ತರ ಧ್ರುವದ ಕಡೆ ಹೊರಟವರಿಗೆ ಮಾತ್ರ ಬಿದ್ದಿತು. 1850ರಲ್ಲಿ ಹೊರಟ ‘ಇನ್ವೆಸ್ಟಿಗೇಟರ್’ ಹಡಗಿನವರು ಲೆಮನ್ ರಸ ಕುಡಿದು ಎರಡು ವರ್ಷಗಳಿಗೂ ಮಿಗಿಲಾಗಿ ಸ್ಕರ್ವಿಯಿಲ್ಲದೆ ಹಿಮದಲ್ಲಿದ್ದರು. 1875ರಲ್ಲಿ ನೇರ್ಸ್ ಎಂಬಾತನ ನಾಯಕತ್ವದಲ್ಲಿ ಹೊರಟ ತಂಡ ಒಯ್ದದ್ದು ಲೈಮ್ ರಸ. ಚಳಿಗಾಲವಿಡೀ ಹಡಗಿನಲ್ಲಿ ಅದನ್ನು ಕುಡಿದಿದ್ದವರು ವಸಂತದಲ್ಲಿ ಜಾರುಬಂಡಿ ಎಳೆಯಲು ಹೊರಟ ಕೆಲವೇ ವಾರಗಳಲ್ಲಿ ಕಾಲು ಬಾತು ಕುಸಿದರು. ಬಂಡಿಗಳಲ್ಲಿ ರಸ ಒಯ್ಯದಿದ್ದದ್ದೇ ಕಾರಣವೆಂದು ವಿಚಾರಣಾ ಸಮಿತಿ ಹೇಳಿತು. ಹಣ್ಣೇ ಬದಲಾಗಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ನಿಂಬೆಯ ಮೇಲಿನ ನಂಬಿಕೆಯೇ ಸಡಿಲಿ, ಕೆಟ್ಟ ಮಾಂಸದ ವಿಷವೇ ಸ್ಕರ್ವಿಗೆ ಮೂಲವೆಂಬ ವಾದ ಬಲವಾಯಿತು. ಒಮ್ಮೆ ಕಂಡುಕೊಂಡ ಸತ್ಯ ಹೀಗೆ ಕೈತಪ್ಪಿಹೋಯಿತು.

ಅದರ ಫಲ ನಮ್ಮವರನ್ನೂ ತಟ್ಟಿತು. ಮೊದಲ ಮಹಾಯುದ್ಧದಲ್ಲಿ, ಮೆಸೊಪೊಟೇಮಿಯದ ಕೂತ್ ಪಟ್ಟಣದ ಮುತ್ತಿಗೆಯಲ್ಲಿ (1915–16) ಸಿಕ್ಕಿಬಿದ್ದ ಭಾರತೀಯ ಸಿಪಾಯಿಗಳು ಹಸಿ ತರಕಾರಿ ಇಲ್ಲದೆ, ಕುದುರೆ ಮಾಂಸವನ್ನೂ ಮುಟ್ಟಲಾರದೆ ಸ್ಕರ್ವಿಗೆ ತುತ್ತಾದರು. ಆ ರಣರಂಗದ ಅನುಭವದ ಬಳಿಕವೇ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಸಂಗಡಿಗರಾದ ಮಹಿಳಾ ವಿಜ್ಞಾನಿಗಳು ಎರಡೂ ರಸಗಳನ್ನು ಗಿನಿಪಿಗ್‌ಗಳ ಮೇಲೆ ಪರೀಕ್ಷಿಸಿ, ತಾಜಾ ಲೈಮ್ ರಸದ ಶಕ್ತಿ ಲೆಮನ್ನಿನದರ ಕಾಲುಭಾಗದಷ್ಟೇ, ಸೀಸೆಯಲ್ಲಿ ಹಳತಾದ ರಸದಲ್ಲಿ ಏನೂ ಉಳಿದಿರುವುದಿಲ್ಲ ಎಂದು 1918ರಲ್ಲಿ ತೋರಿಸಿದರು. ಅವರಲ್ಲಿ ಒಬ್ಬರಾದ ಆಲಿಸ್ ಹೆಂಡರ್ಸನ್ ಸ್ಮಿತ್ ಹಳೆಯ ದಾಖಲೆಗಳನ್ನು ಕೆದಕಿ, ಹೆಸರಿನ ಗೊಂದಲದಲ್ಲಿ ಹಣ್ಣು ಬದಲಾದ ಬಗೆಯನ್ನು ಬಯಲಿಗೆಳೆದರು. ಔಷಧವಾಗಿದ್ದ ವಸ್ತು, ಅಂದರೆ ಸಿ ಜೀವಸತ್ವ, ಯಾವುದೆಂದು ಖಚಿತವಾದದ್ದು 1932ರಲ್ಲಿ.

ಹಾಗೆಂದು ನಮ್ಮ ನಿಂಬೆಯನ್ನು ಹಳಿಯಬೇಕಾಗಿಲ್ಲ. ಈಗಿನ ಲೆಕ್ಕದಲ್ಲಿ ನೂರು ಗ್ರಾಂ ಲೈಮ್‌ನಲ್ಲಿ ಸುಮಾರು 30 ಮಿಲಿಗ್ರಾಂ ಸಿ ಜೀವಸತ್ವವಿದೆ, ಲೆಮನ್ನಿನಲ್ಲಿ 50ರ ಆಸುಪಾಸು. ನೆಲ್ಲಿಕಾಯಿಯ ಮುಂದೆ ಎರಡೂ ಏನಲ್ಲ. ಕೆಟ್ಟದ್ದು ಹಣ್ಣಿನಿಂದಲ್ಲ, ಹಿಂಡಿ, ಪೀಪಾಯಿಗೆ ತುಂಬಿ, ತಿಂಗಳುಗಟ್ಟಲೆ ಇಟ್ಟದ್ದರಿಂದ. ಹಿತ್ತಲಿನಲ್ಲಿ ಮರವಿದ್ದವನಿಗೆ ಆ ಕಷ್ಟವಿಲ್ಲ. ಊಟಕ್ಕೆ ಕುಳಿತ ಮೇಲೆ ಕಿತ್ತು ತಂದು ಹಿಂಡಿಕೊಳ್ಳಬಹುದು. ಚಿತ್ರಾನ್ನಕ್ಕೂ ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕೆಂದು ನನ್ನ ತಾಯಿ ಹೇಳುತ್ತಿದ್ದರು. ಅವರಿಗಿದ್ದದ್ದು ಕಹಿಯಾದೀತೆಂಬ ಭಯ ಮಾತ್ರ.

ಮರವನ್ನು ನೋಡಿಕೊಳ್ಳುವುದರಲ್ಲಿಯೂ ನಾನು ತಪ್ಪುತ್ತಲೇ ಕಲಿತೆ. ಬೀಜ ಒಣಗಿಸದೆ, ಹಣ್ಣಿನಿಂದ ತೆಗೆದ ಕೂಡಲೇ ಹಾಕಬೇಕು. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ಫಲಕ್ಕೆ ನಾಲ್ಕೈದು ವರ್ಷ ಕಾಯುವ ತಾಳ್ಮೆ ಬೇಕು. ನಾನು ಮೊದಲು ಬಚ್ಚಲ ನೀರನ್ನು ನೇರವಾಗಿ ಬುಡಕ್ಕೇ ಬಿಟ್ಟಿದ್ದೆ. ಕಾಂಡ ಬಿರಿದು ಅಂಟು ಸೋರತೊಡಗಿತು. ಪರಿಚಯದ ತೋಟಗಾರರೊಬ್ಬರು ಬುಡಕ್ಕೆ ಮಣ್ಣೇರಿಸಿ, ಸುತ್ತ ದೂರದಲ್ಲಿ ಪಾತಿ ಮಾಡಿಸಿ, ಅಂಟನ್ನು ಹೆರೆದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮುಲಾಮು ಬಳಿಸಿದರು. ಮರ ಉಳಿಯಿತು. ಅದರ ಬೇರುಗಳು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಈಗ ಅಲ್ಲಿ ಗುದ್ದಲಿ ಹಾಕುವುದಿಲ್ಲ. ತರಗೆಲೆ, ಕೊಟ್ಟಿಗೆ ಗೊಬ್ಬರ ಹರಡುತ್ತೇನೆ. ಮಳೆಗಾಲದಲ್ಲಿ ಎಲೆಗೂ ಕಾಯಿಗೂ ಕಜ್ಜಿ ಬರುತ್ತದೆ. ಆ ಕೊಂಬೆಗಳನ್ನು ಕತ್ತರಿಸಿ ಸುಡುತ್ತೇನೆ.

ಈ ವರ್ಷ ಒಂದು ಸಸಿಯನ್ನು ಕುಂಡದಲ್ಲಿ ಬೆಳೆಸಿದ್ದೇನೆ. ನಿಂಬೆಚಿಟ್ಟೆ ಅದರ ಚಿಗುರಿನ ಮೇಲೆ ಮೊಟ್ಟೆಯಿಟ್ಟಿದೆ. ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳುಗಳನ್ನು ಬೆಳಿಗ್ಗೆ ಬೆಳಿಗ್ಗೆ ಆರಿಸಿ ದೊಡ್ಡ ಮರಕ್ಕೆ ಬಿಡುತ್ತಿದ್ದೇನೆ. ಆ ಮರಕ್ಕೆ ನಾಲ್ಕೆಲೆ ಹೋದರೆ ಲೆಕ್ಕವಿಲ್ಲ. ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಈ ಬರಹ ಅವಳ ಕಣ್ಣಿಗೆ ಬಿದ್ದರೆ, ಉತ್ತರವನ್ನು ತಿದ್ದಿಕೊಳ್ಳಲಿ: ಅಲ್ಲಮ್ಮ, ಮೊದಲು ಕೊಡುತ್ತಿದ್ದದ್ದು ಇದಲ್ಲ.