ನಿದ್ದೆಯ ಲೆಕ್ಕ

ಗಲ್ಫಿನಿಂದ ಬರುವವರನ್ನು ಕರೆತರಲು ನಾವು ಬಜ್ಪೆಗೆ ಹೋಗುವುದು ಹೆಚ್ಚಾಗಿ ಬೆಳಗಿನ ಜಾವ. ಬಾಡಿಗೆ ಜೀಪಿನಲ್ಲಿ ತೂಕಡಿಸುತ್ತಾ ಹೋಗಿ, ನಿಲ್ದಾಣದ ಬಾಗಿಲ ಬಳಿ ಗುಂಪಾಗಿ ನಿಲ್ಲುತ್ತೇವೆ. ವಿಮಾನ ಇಳಿಯಿತೇ ಎಂದು ನೂರು ಸಲ ವಿಚಾರಿಸುವ ನಾವು, ಅದನ್ನು ಇಳಿಸುವವನು ರಾತ್ರಿ ನಿದ್ದೆ ಮಾಡಿದ್ದಾನೆಯೇ ಎಂದು ಒಮ್ಮೆಯೂ ಕೇಳಿದವರಲ್ಲ.

2010ರ ಮೇ 22ರ ಬೆಳಿಗ್ಗೆ ಆರು ಗಂಟೆ ದಾಟಿದ ಹೊತ್ತಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ ಉಳಿದವರು ಎಂಟೇ ಮಂದಿ. ದಕ್ಷಿಣ ಕನ್ನಡ, ಕಾಸರಗೋಡಿನ ಎಷ್ಟೋ ಮನೆಗಳ ದೀಪ ಆರಿತು.

ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ಮಂಡಳಿ ಕಾಕ್‌ಪಿಟ್‌ನ ಧ್ವನಿಮುದ್ರಣವನ್ನು ಆಲಿಸಿತು. ಎರಡು ಗಂಟೆಗೂ ತುಸು ಹೆಚ್ಚಿನ ಆ ಮುದ್ರಣದ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎದ್ದ ಮೇಲೂ ಬಿಡದ ಮಂಪರು ಅವರ ತೀರ್ಮಾನವನ್ನು ಮಸುಕಾಗಿಸಿರಬಹುದು ಎಂದಿತು ವರದಿ. ವಿಮಾನ ತೀರಾ ಎತ್ತರದಲ್ಲಿತ್ತು. ಮಂಗಳೂರಿನ ರಾಡಾರ್ ಕೂಡ ಆಗ ಕೆಟ್ಟಿತ್ತು. ಇಳಿಸುವುದು ಬೇಡ, ಮತ್ತೊಂದು ಸುತ್ತು ಹೋಗೋಣವೆಂದು ಸಹಚಾಲಕರು ಮೂರು ಬಾರಿ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. 2,450 ಮೀಟರಿನ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲಷ್ಟೇ ಚಕ್ರ ನೆಲ ಮುಟ್ಟಿತು.

ತಪ್ಪು ಕ್ಯಾಪ್ಟನ್ನರದೇ ಎಂದು ಕಡತ ಮುಚ್ಚುವುದು ಸುಲಭ. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತದೆ: ಹಾರಾಟಕ್ಕೆ ಮುನ್ನ ಅವರಿಗೆ ಸಾಕಷ್ಟು ವಿಶ್ರಾಂತಿಯ ಅವಧಿ ಸಿಕ್ಕಿತ್ತು. ಅಂದರೆ ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ಹಾರಿದ ಸಿಬ್ಬಂದಿಯೇ ಅದೇ ರಾತ್ರಿ ಮರಳಿ ಹೊರಟಿದ್ದರು. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಮನುಷ್ಯನ ಮೈ ನಿದ್ದೆಯನ್ನೇ ಬೇಡುತ್ತದೆ. ಹಗಲು ಮಲಗಿದ್ದವನಿಗೂ ಆ ಹೊತ್ತು ಕಷ್ಟವೇ. ಗಂಟೆಗಳನ್ನು ಎಣಿಸುವ ಕಾನೂನಿಗೆ ಹೊತ್ತಿನ ಭಾರ ತಿಳಿಯುವುದಿಲ್ಲ.

ಆ ಕಾನೂನಿನ ಚರಿತ್ರೆಯನ್ನೂ ನಾವು ತಿಳಿಯಬೇಕು. 1992ರ ಹಳೆಯ ಕರ್ತವ್ಯ ನಿಯಮಗಳ ಬದಲಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2007ರ ಜುಲೈಯಲ್ಲಿ ಹೊಸವನ್ನು ತಂದಿತು. ವಿಮಾನ ಕಂಪೆನಿಗಳು ತಕರಾರೆತ್ತಿದವು. 2008ರ ಮೇಯಲ್ಲಿ ಹೊಸ ನಿಯಮ ತಡೆಹಿಡಿಯಲ್ಪಟ್ಟು, 1992ರದೇ ಮರಳಿ ಬಂತು. ಪೈಲಟ್‌ಗಳು ನ್ಯಾಯಾಲಯದ ಮೆಟ್ಟಿಲೇರಿದರು. ಮಂಗಳೂರಿನ ದುರಂತ ನಡೆದಾಗ ದೇಶದಲ್ಲಿದ್ದುದು ಹದಿನೆಂಟು ವರ್ಷ ಹಳೆಯ ನಿಯಮ. ಹೊಸತು ಬಂದದ್ದು 2011ರಲ್ಲಿ.

ಅಮೆರಿಕದ ಕತೆಯೂ ಬೇರೆಯಲ್ಲ. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತರು. ಅವರ ಮನೆಯವರು ಪಟ್ಟುಹಿಡಿದು ಹೋರಾಡಿದ ಮೇಲೆ ವಿಶ್ರಾಂತಿಯ ಹೊಸ ನಿಯಮ ಬಂದು, 2014ರಲ್ಲಿ ಜಾರಿಯಾಯಿತು. ಅಲ್ಲೂ ಸರಕು ವಿಮಾನಗಳ ಪೈಲಟ್‌ಗಳನ್ನು ಹೊರಗಿಟ್ಟರು, ಅವರಿಗೆ ನಿದ್ದೆ ಬರುವುದೇ ಇಲ್ಲವೆಂಬಂತೆ.

2024ರ ಜನವರಿಯಲ್ಲಿ ನಮ್ಮ ನಿರ್ದೇಶನಾಲಯ ಕೊನೆಗೂ ಹೊತ್ತನ್ನು ಲೆಕ್ಕಕ್ಕೆ ತಂದಿತು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. ರಾತ್ರಿ ಪಾಳಿಯ ಇಳಿತಗಳು ಆರರಿಂದ ಎರಡಕ್ಕೆ ಇಳಿದವು. ಜಾರಿ ಮತ್ತೆ ಮುಂದೆ ಹೋಯಿತು. ದಿಲ್ಲಿ ಹೈಕೋರ್ಟಿನಲ್ಲಿ ವ್ಯಾಜ್ಯ ನಡೆದು, 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಕಂತಿನಲ್ಲಿ ಜಾರಿಯಾಯಿತು. ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ಬೇಕಾದಷ್ಟು ಪೈಲಟ್‌ಗಳನ್ನು ಸಜ್ಜು ಮಾಡಿಕೊಳ್ಳದ ಕಂಪೆನಿಗೆ ರಾತ್ರಿಯ ನಿಯಮಗಳಿಂದ 2026ರ ಫೆಬ್ರವರಿವರೆಗೆ ವಿನಾಯಿತಿಯೂ ದೊರೆಯಿತು. 2008ರ ನೆನಪಿದ್ದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಆ ದಿನಗಳಲ್ಲಿ, ಪೈಲಟ್‌ಗಳಿಗೆ ಇಷ್ಟೊಂದು ವಿಶ್ರಾಂತಿ ಯಾಕೆ ಎಂದು ಗೊಣಗಿದವರು ನಮ್ಮ ನಡುವೆಯೂ ಇದ್ದರು. ಕೂಳೂರಿನ ಸಮೀಪ, ಫಲ್ಗುಣಿ ನದಿಯ ದಡದಲ್ಲಿ, 2010ರಲ್ಲಿ ಗುರುತು ಸಿಗದೆ ಉಳಿದವರನ್ನು ಮಣ್ಣು ಮಾಡಿದಲ್ಲಿ ಒಂದು ಸ್ಮಾರಕವಿದೆ. ಗೊಣಗುವ ಮೊದಲು ನಾವೊಮ್ಮೆ ಅಲ್ಲಿಗೆ ಹೋಗಿಬರಬೇಕು.