ಭಾನುವಾರದ ಮಹಾಭಾರತ ಬರೆದವರು

1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾಗುತ್ತಿದ್ದವು. ದೂರದರ್ಶನದಲ್ಲಿ ಬಿ.ಆರ್. ಚೋಪ್ರಾರ 'ಮಹಾಭಾರತ'! ಟಿ.ವಿ. ಇದ್ದ ಮನೆಯ ಚಾಪೆಯ ಮೇಲೆ ಹಿಂದೂ, ಮುಸ್ಲಿಮ್ ಮಕ್ಕಳೆಲ್ಲ ಒತ್ತೊತ್ತಾಗಿ ಕೂರುತ್ತಿದ್ದೆವು. 94 ಕಂತುಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಹಿಂದಿ ಅರ್ಧಂಬರ್ಧ ಅರ್ಥವಾದರೂ ಆಟದಲ್ಲಿ 'ಪಿತಾಶ್ರೀ', 'ಭ್ರಾತಾಶ್ರೀ' ಎಂದು ಕೂಗಾಡುತ್ತಿದ್ದೆವು.

ಆ ಸಂಭಾಷಣೆ ಬರೆದವರು ಯಾರೆಂದು ಅಂದು ನಾವು ಕೇಳಲಿಲ್ಲ. ಅವರು ರಾಹಿ ಮಾಸೂಮ್ ರಝಾ. ಉತ್ತರ ಪ್ರದೇಶದ ಗಾಝೀಪುರ ಜಿಲ್ಲೆಯ ಗಂಗೌಲಿಯವರು, ಅಲೀಗಢದಲ್ಲಿ ಉರ್ದು ಕಲಿಸಿದವರು. ದೇಶವಿಭಜನೆಯ ಕಾಲದ ತಮ್ಮೂರಿನ ಶಿಯಾ ಕುಟುಂಬಗಳ ಬದುಕನ್ನು 'ಆಧಾ ಗಾಂವ್' ಕಾದಂಬರಿಯಲ್ಲಿ ಚಿತ್ರಿಸಿದವರು. ಅರ್ಜುನನ ಪಾತ್ರ ಮಾಡಿದ ನಟನ ಹೆಸರೂ ಫಿರೋಝ್ ಖಾನ್.

ಧಾರಾವಾಹಿ ಪ್ರಸಾರವಾಗುತ್ತಿದ್ದ ದಿನಗಳಲ್ಲೇ ಅಯೋಧ್ಯೆಯ ವಿವಾದ ಕಾವೇರತೊಡಗಿತ್ತು. 1992ರ ಮಾರ್ಚ್‌ನಲ್ಲಿ ರಝಾ ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿಯನ್ನು ಕೆಡವಲಾಯಿತು. ಒಂದೇ ಚಾಪೆಯಲ್ಲಿ ಕುಳಿತಿದ್ದ ನಮ್ಮ ನಡುವೆ ಮೌನ ಬೆಳೆಯಿತು.

ಮಹಾಭಾರತ ಯಾರ ಸೊತ್ತೆಂದು ಇಂದು ಯಾರಾದರೂ ಕೇಳಿದರೆ ನಾವು ವಾದಕ್ಕಿಳಿಯುವುದಿಲ್ಲ. ಅಂದು ಕೇಳದೇ ಬಿಟ್ಟ ಆ ಹೆಸರನ್ನು ನಮ್ಮ ಮಕ್ಕಳಿಗೆ ಹೇಳುತ್ತೇವೆ. ನೆರೆಮನೆಯ ಮಕ್ಕಳಿಗೂ ಹೇಳುತ್ತೇವೆ.